ದುಡ್ಡು ಕಟ್ಟಿ ಆಡುವವರು, ದುಡಿಮೆಗಾಗಿ ಆಡುವವರು

ಬೆಳಕವಾಡಿಯಲ್ಲಾಗಲಿ, ಮಳವಳ್ಳಿ ಸೀಮೆಯ ಬೇರೆ ಯಾವುದೇ ಊರಲ್ಲಾಗಲಿ ‘ಕುರುಕ್ಷೇತ್ರ’ ಆಡಬೇಕೆಂದು ಗೊತ್ತಾದ ಮೇಲೆ ಊರಿನವರು ಮೊದಲು ಕೂತು ತೀರ್ಮಾನ ಮಾಡುವುದು ಪಾರ್ಟಿನ ದುಡ್ಡನ್ನು. ದುರ್ಯೋಧನನ ಪಾರ್ಟಿಗೆ ಎಷ್ಟು, ಕೃಷ್ಣನಿಗೆ ಎಷ್ಟು, ಭೀಮ, ಕರ್ಣ, ಶಕುನಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಹಾಡು ಹೆಚ್ಚಿದ್ದಷ್ಟೂ, ರಂಗದ ಮೇಲೆ ನಿಲ್ಲುವ ಹೊತ್ತು ಹೆಚ್ಚಿದ್ದಷ್ಟೂ ದುಡ್ಡು ಹೆಚ್ಚು. ಕಬ್ಬು ಬೆಳೆಯುವವರು, ರೇಷ್ಮೆಗೂಡು ಮಾರಿ ಬಂದವರು, ಅಂಗಡಿ ಇಟ್ಟವರು, ಸರ್ಕಾರಿ ನೌಕರಿಯಲ್ಲಿರುವವರು ತಮ್ಮ ಜೇಬಿನಿಂದ ಹಣ ಕಟ್ಟಿ ಪಾರ್ಟು ತೆಗೆದುಕೊಳ್ಳುತ್ತಾರೆ. ಹೀಗೆ ಕೂಡಿದ ದುಡ್ಡಿನಲ್ಲೇ ಡ್ರಾಮಾ ಮೇಷ್ಟ್ರ ಸಂಭಾವನೆ, ಸೀನರಿಯ ಬಾಡಿಗೆ, ಲೈಟು, ಮೈಕು, ತಬಲಾ, ಕ್ಲಾರಿಯೋನೆಟ್, ಊಟ ಎಲ್ಲವೂ ನಡೆಯಬೇಕು. ನೋಡುವವರಿಗೆ ಟಿಕೆಟ್ ಇಲ್ಲ. ಊರಿಗೆ ಊರೇ ಪುಕ್ಕಟೆಯಾಗಿ ಬೆಳಗಿನವರೆಗೆ ಕೂತು ನೋಡುತ್ತದೆ.

ಆಡುವವನೇ ಹಣ ಕೊಟ್ಟು ಆಡುವ ಇಂಥ ರಂಗಭೂಮಿ ಮಂಡ್ಯ ಜಿಲ್ಲೆಯಲ್ಲಿ ಇವತ್ತಿಗೂ ಗಟ್ಟಿಯಾಗಿ ಉಳಿದಿರುವುದು ನನಗೆ ಹೆಮ್ಮೆಯ ವಿಷಯ. ಆದರೆ ಅದೇ ರಂಗದ ಮೇಲೆ, ಅದೇ ರಾತ್ರಿ, ಹಣ ಕೊಡದೆ ಹಣ ತೆಗೆದುಕೊಂಡು ಆಡುವ ನಾಲ್ಕಾರು ಜನ ಇರುತ್ತಾರೆ. ಅವರಿಗೆ ಇದು ಹರಕೆಯಲ್ಲ, ಆಸೆಯಲ್ಲ, ಕಸುಬು. ದ್ರೌಪದಿ, ಕುಂತಿ, ಭಾನುಮತಿ, ಉತ್ತರೆ, ಗಾಂಧಾರಿ ಮಾಡಲು ಮಂಡ್ಯ, ಮೈಸೂರು, ಬೆಂಗಳೂರು, ತುಮಕೂರಿನ ಕಡೆಯಿಂದ ಬರುವ ನಟಿಯರು ಅವರಲ್ಲಿ ಮುಖ್ಯರು. ಊರಿನಲ್ಲಿ ಕೃಷ್ಣನ ಹಾಡು ಹಾಡಬಲ್ಲ ಗಂಟಲು ಇಲ್ಲದಿದ್ದರೆ ಹೊರಗಿನಿಂದ ಗೊತ್ತುಮಾಡಿಕೊಂಡ ಕೃಷ್ಣ ಬರುತ್ತಾನೆ. ಹಾಸ್ಯದ ಪಾರ್ಟಿಗೂ ಒಮ್ಮೊಮ್ಮೆ ಹಾಗೆಯೇ. ನಟನೆಯನ್ನೇ ನಂಬಿ ಬದುಕುವುದು ಎಂದರೇನು ಎಂದು ಈ ಸೀಮೆಯ ಹುಡುಗ ಹುಡುಗಿಯರು ಕೇಳಿದರೆ ನಾನು ಬೆಂಗಳೂರಿನ ಸ್ಟುಡಿಯೊಗಳತ್ತ ಕೈ ತೋರಿಸುವುದಿಲ್ಲ. ಮೊದಲು ಇವರನ್ನು ನೋಡಿ ಎನ್ನುತ್ತೇನೆ.

ಊರಿನ ಪಾತ್ರಧಾರಿಗಳಿಗೆ ತಿಂಗಳುಗಟ್ಟಲೆ ಪ್ರಾಕ್ಟೀಸ್ ಇರುತ್ತದೆ. ಸಂಜೆ ಹಾಲು ಡೇರಿಗೆ ಹಾಕಿ, ಊಟ ಮುಗಿಸಿ, ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಪ್ರಾಂಗಣದಲ್ಲೋ ಕಾಲು ಹಾರ್ಮೋನಿಯಂ ಸುತ್ತ ಸೇರುತ್ತಾರೆ. ಮೇಷ್ಟ್ರು ಒಂದೊಂದು ಕಂದವನ್ನೂ ನೂರು ಸಲ ಹೇಳಿಕೊಡುತ್ತಾರೆ. ಬಾಡಿಗೆಗೆ ಬರುವ ನಟಿಗೆ ಆ ಭಾಗ್ಯ ಇಲ್ಲ. ಬಹಳ ಸಲ ಅವಳು ಬರುವುದು ನಾಟಕದ ದಿನ ಸಂಜೆಗೇ. ಕೈಯಲ್ಲೊಂದು ಸೂಟ್‌ಕೇಸ್. ಸೀರೆ, ರವಿಕೆ, ಚೌರಿ, ಒಡವೆ, ಬಣ್ಣದ ಡಬ್ಬಿ ಎಲ್ಲ ಅವಳದೇ ಬಂಡವಾಳ. ಸೀನರಿಯ ಹಿಂದೆ ಒಂದು ಮೂಲೆಯಲ್ಲಿ ಪರದೆ ಕಟ್ಟಿಸಿಕೊಂಡು, ಕನ್ನಡಿ ಒರಗಿಸಿ ಕೂತರೆ ಮೇಷ್ಟ್ರು ಬಂದು ಯಾವ ಸೀನು ಬಿಟ್ಟಿದ್ದೇವೆ, ಯಾವ ಹಾಡು ಸೇರಿಸಿದ್ದೇವೆ ಎಂದು ಹೇಳಿ ಹೋಗುತ್ತಾರೆ. ಕುರುಕ್ಷೇತ್ರ ಒಂದೇ ಆದರೂ ಒಬ್ಬ ಮೇಷ್ಟ್ರ ಪಾಠ ಇನ್ನೊಬ್ಬರ ಪಾಠದ ಹಾಗೆ ಇರುವುದಿಲ್ಲ. ಮಾತು ಬೇರೆ, ಹಾಡಿನ ಮಟ್ಟು ಬೇರೆ, ಸೀನುಗಳ ಹಿಂದುಮುಂದು ಬೇರೆ. ಹತ್ತಾರು ಮೇಷ್ಟ್ರ ಪಾಠ ಅವಳ ತಲೆಯಲ್ಲಿರಬೇಕು. ಇವತ್ತು ಯಾರದು ಎಂದು ತಿಳಿದ ಕೂಡಲೇ ಅದೊಂದನ್ನೇ ಹೊರಗೆ ತೆಗೆಯಬೇಕು.

ಗಂಡ ಯಾರು ಎಂದು ಅವಳಿಗೆ ಗೊತ್ತಾಗುವುದು ಬಣ್ಣ ಹಚ್ಚುವ ಹೊತ್ತಿಗೆ. ಕಿರೀಟವನ್ನು ಕಂಕುಳಲ್ಲಿ ಇಟ್ಟುಕೊಂಡು, ಬೆವರುತ್ತ, ಊರಿನ ದುರ್ಯೋಧನ ಪರದೆಯ ಆಚೆ ನಿಲ್ಲುತ್ತಾನೆ.

“ಅಣ್ಣ, ಹಾಡು ಮುಗಿಸ್ಕೊಂಡು ಎಡಕ್ ಬತ್ತೀರೋ, ಬಲಕ್ಕೋ?”

“ಮೇಷ್ಟ್ರು ಎಡಕ್ಕೆ ಅಂದವ್ರೆ ಕಣಕ್ಕ. ಜನ ನೋಡ್ಬುಟ್ರೆ ಎಲ್ಲಿ ಮರ್ತೋಯ್ತದೋ ಅಂತ.”

“ಮರ್ತ್ರೆ ನನ್ ಮುಖ ನೋಡಿ. ಸಾಕು.”

ನಿಜವಾಗಿಯೂ ಅವನು ಮರೆಯುತ್ತಾನೆ. ಸಾವಿರ ಜನ, ಮುಂದಿನ ಸಾಲಿನಲ್ಲಿ ಬೀಗರು, ಮೊಬೈಲ್ ಹಿಡಿದ ಮಕ್ಕಳು. ನಾಲ್ಕು ತಿಂಗಳು ಬಾಯಿಪಾಠ ಮಾಡಿದ್ದು ಗಾಳಿಗೆ ಹಾರಿಹೋಗುತ್ತದೆ. ಆಗ ಭಾನುಮತಿ ಒಂದು ಹೆಜ್ಜೆ ಮುಂದೆ ಬಂದು, “ಪ್ರಾಣಕಾಂತ, ಸಂಧಾನಕ್ಕೆಂದು ಬರುತ್ತಿರುವ ಕೃಷ್ಣನಿಗೆ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲವೆಂದು ತಾವು ಶಪಥ ಮಾಡಿರುವುದು ನಿಜವೆ?” ಎಂದು ಅವನ ಮಾತನ್ನೇ ಪ್ರಶ್ನೆಯಾಗಿ ಅವನ ಕೈಗೆ ಇಡುತ್ತಾಳೆ. ಅವನಿಗೆ ದಾರಿ ಸಿಗುತ್ತದೆ. ಗುಡುಗುತ್ತಾನೆ. ಸೀಟಿ ಬೀಳುತ್ತದೆ. ಬೀಗರು ರಂಗ ಹತ್ತಿ ಹಾರ ಹಾಕಿ, ನೋಟು ಸಿಕ್ಕಿಸಿ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಅಷ್ಟು ಹೊತ್ತೂ ಅವಳು ಸೀನಿನ ಭಾವ ಕೆಡದ ಹಾಗೆ ಪಕ್ಕದಲ್ಲಿ ನಿಂತಿರಬೇಕು. ಕ್ಲಾರಿಯೋನೆಟ್ ನುಡಿಯುತ್ತಲೇ ಇರುತ್ತದೆ. ಹಾರ ಹಾಕುವುದು ಮುಗಿದ ಕ್ಷಣ, ನಿಲ್ಲಿಸಿದ ಅಕ್ಷರದಿಂದಲೇ ಅವಳು ಮುಂದುವರಿಸುತ್ತಾಳೆ. ಅವನ ಶ್ರುತಿ ಅವಳಿಗೆ ಹೊಂದದಿದ್ದರೂ ಯುಗಳಗೀತೆಯನ್ನು ಅವನ ಶ್ರುತಿಯಲ್ಲೇ ಹಾಡಬೇಕು, ಏಕೆಂದರೆ ಅವನಿಗೆ ಬೇರೆ ಶ್ರುತಿ ಬರುವುದಿಲ್ಲ. ತನ್ನನ್ನು ಮೆರೆಸಿಕೊಳ್ಳದೆ ಎದುರಿನವನನ್ನು ಗೆಲ್ಲಿಸುವ ಈ ಕೆಲಸವನ್ನು ನಾನು ನಟನೆಯ ದೊಡ್ಡ ವಿದ್ಯೆ ಎಂದೇ ಎಣಿಸುತ್ತೇನೆ. ಯಾವ ರಂಗಶಾಲೆಯ ಪಠ್ಯದಲ್ಲೂ ಇದನ್ನು ಒಂದು ಅಧ್ಯಾಯವಾಗಿ ನಾನು ಕಂಡಿಲ್ಲ.

ಈ ಕಸುಬು ನಿಂತಿರುವುದು ಮೇಷ್ಟ್ರ ಫೋನಿನ ಮೇಲೆ. ಊರಿನವರು ಬಹಳ ಸಲ ಎಲ್ಲವನ್ನೂ ಒಟ್ಟಿಗೆ ಮೇಷ್ಟ್ರಿಗೋ ಸೀನರಿಯವರಿಗೋ ಒಪ್ಪಿಸುತ್ತಾರೆ. ಲೇಡೀಸ್ ಪಾರ್ಟಿನವರನ್ನು ಕರೆಸುವುದು ಅವರ ಜವಾಬ್ದಾರಿ. ಮೇಷ್ಟ್ರು ಡೇಟ್ ಕೇಳುತ್ತಾರೆ, ಇವಳು ಡೇಟ್ ಕೊಡುತ್ತಾಳೆ, ಒಂದಿಷ್ಟು ಅಡ್ವಾನ್ಸ್ ಬರುತ್ತದೆ. ಕಾಗದ ಇಲ್ಲ, ಸಹಿ ಇಲ್ಲ. ಒಂದು ಊರಿಗೆ ಹೊತ್ತಿಗೆ ಸರಿಯಾಗಿ ಬಂದು, ಬೆಳಗಿನ ಜಾವದ ಯುದ್ಧದ ಸೀನಿನವರೆಗೆ ಗಂಟಲು ಉಳಿಸಿಕೊಂಡು, ಯಾರ ಜೊತೆಗೂ ಮಾತು ಕೆಡಿಸಿಕೊಳ್ಳದೆ ಹೋದವಳಿಗೆ ಎರಡನೆಯ ಫೋನ್ ಬರುತ್ತದೆ. ಬೆಳವಣಿಗೆ ಎಂದರೆ ಇಲ್ಲಿ ಅದೇ: ಉತ್ತರೆಯಿಂದ ಭಾನುಮತಿಗೆ, ಭಾನುಮತಿಯಿಂದ ದ್ರೌಪದಿಗೆ. ವಯಸ್ಸಾದ ಮೇಲೆ ಕುಂತಿ, ಗಾಂಧಾರಿ. ನಡುವೆ ‘ದಕ್ಷಯಜ್ಞ’, ‘ರಾಜಾ ಸತ್ಯವ್ರತ’, ‘ಸಂಪೂರ್ಣ ರಾಮಾಯಣ’ ಎಲ್ಲವನ್ನೂ ಕಲಿತಿಟ್ಟುಕೊಂಡವಳಿಗೆ ಸೀಸನ್‌ನಲ್ಲಿ ರಾತ್ರಿ ಖಾಲಿ ಇರುವುದಿಲ್ಲ.

ಸೀಸನ್ ಎಂದೆ. ಸಂಕ್ರಾಂತಿ ಕಳೆದು ಸುಗ್ಗಿಯ ದುಡ್ಡು ಊರಿನ ಕೈಗೆ ಬಂದ ಮೇಲೆ ಶುರುವಾಗಿ, ಶಿವರಾತ್ರಿ, ಯುಗಾದಿ, ಊರಹಬ್ಬ, ಜಾತ್ರೆಗಳ ಬೆನ್ನುಹತ್ತಿ ಮಳೆ ಹಿಡಿಯುವವರೆಗೆ ಓಡುವ ಕಾಲ ಅದು. ಆಷಾಢಕ್ಕೆ ಎಲ್ಲವೂ ನಿಲ್ಲುತ್ತದೆ. ಆಮೇಲೆ ಹೊಲಿಗೆ, ಗಾರ್ಮೆಂಟ್ಸ್, ಕೂಲಿ, ಮನೆಗೆಲಸ. ವರ್ಷದ ಅರ್ಧದಲ್ಲಿ ದುಡಿದದ್ದರಲ್ಲಿ ಇನ್ನರ್ಧವನ್ನು ದೂಡಬೇಕು. 2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಬಂದಾಗ ಈ ಕಸುಬಿನ ನೆತ್ತಿಯ ಮೇಲೇ ಅದು ಬಿತ್ತು. ಯುಗಾದಿಯ ಆಸುಪಾಸಿನ ಎಲ್ಲ ಡೇಟುಗಳೂ ಒಂದೇ ಸಲ ಹೋದವು. ಮರುವರ್ಷ ಏಪ್ರಿಲ್ ಕೊನೆಗೆ ಎರಡನೆಯ ಸಲ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ನೆರವು ಘೋಷಿಸಿತು. ಅದನ್ನು ಪಡೆಯಲೂ ತಾನು ಕಲಾವಿದೆ ಎಂದು ತೋರಿಸಬೇಕಿತ್ತು. ಈ ತೋರಿಸುವ ವಿಷಯಕ್ಕೆ ಮುಂದೆ ಬರುತ್ತೇನೆ, ಈ ಅಂಕಣ ಬರೆಯಲು ಕೂತದ್ದೇ ಅದಕ್ಕಾಗಿ.

ಈ ಸೀಮೆಗೆ ಹಾಡು, ನಾಟಕ ಹೊರಗಿನಿಂದ ಬಂದ ರುಚಿಯಲ್ಲ. ಬೆಳಕವಾಡಿಯ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಶ್ರೀನಿವಾಸ ಅಯ್ಯಂಗಾರ್ಯರು ಮೈಸೂರು ಅರಮನೆಯ ಸಂಗೀತ ವಿದ್ವಾಂಸರಾಗಿದ್ದರು. ಹತ್ತಿರದ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ, ನೀಲಗಾರರು ರಾತ್ರಿಯಿಡೀ ಕಥೆ ಹಾಡುವ ಪರಂಪರೆಯ ಬೇರು. ಕಂಪನಿ ನಾಟಕಗಳ ಕಾಲದಲ್ಲಿ ಮಳವಳ್ಳಿ ಸುಂದರಮ್ಮ ಹೆಸರಾಂತ ನಟಿ. ಬೆಳಕವಾಡಿಯ ಕಡೆಯಿಂದ ಕಾವೇರಿ ದಾಟಿದರೆ ಕೊಳ್ಳೇಗಾಲದ ಸೀಮೆ. ಅಲ್ಲಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ದುಡಿದರು, ಮಗನನ್ನೂ ಅಲ್ಲಿಗೆ ಸೇರಿಸಿದರು. ಆ ಮಗ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗಿ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ವರ್ಷಾನುಗಟ್ಟಲೆ ಕಂಪನಿಯಲ್ಲಿ ಸಿಕ್ಕಿದ ಪಾರ್ಟು ಮಾಡಿಕೊಂಡು, 1952ರ ‘ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ನಿಂತದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಂಬರೀಶ್ ಅವರ ಲೆಕ್ಕವೂ ಹೀಗೆಯೇ. 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನ ಸಣ್ಣ ಪಾತ್ರ. ಅವರನ್ನು ರೆಬೆಲ್ ಸ್ಟಾರ್ ಮಾಡಿದ ‘ಅಂತ’ ಬಂದದ್ದು 1981ರಲ್ಲಿ. ನಡುವಿನ ಒಂಬತ್ತು ವರ್ಷ ಕೊಟ್ಟ ಪಾತ್ರ ಮಾಡಿದ ವರ್ಷಗಳು, ಅವುಗಳಲ್ಲಿ ಖಳನದೂ ಇತ್ತು, ನಾಯಕನ ಪಕ್ಕದವನದೂ ಇತ್ತು. ಸ್ಟಾರ್ ಆದವರ ಬದುಕಿನಲ್ಲೂ ದಿನಗೂಲಿಯ ನಟನಾಗಿದ್ದ ಕಾಲ ಇಷ್ಟು ಉದ್ದ ಇದೆ. ಸ್ಟಾರ್ ಆಗದ ನೂರಾರು ಜನಕ್ಕೆ ಅದೇ ಇಡೀ ಬದುಕು.

ಊರಿನ ರಂಗ ಬಿಟ್ಟು ಮುಂದೆ ಹೋಗಬೇಕೆನ್ನುವವರಿಗೆ ಈಗ ಹಿಂದೆಂದಿಗಿಂತ ದಾರಿಗಳಿವೆ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುಮಾಡಿ, 1985ರಿಂದ ತಿರುಗಾಟದ ಮೂಲಕ ಕಲಿತವರಿಗೆ ಊರೂರು ಸುತ್ತಿ ಆಡುವ ಕೆಲಸ ಕೊಟ್ಟಿತು. ಅಲ್ಲಿ ಕಲಿತ ಮಂಡ್ಯ ರಮೇಶ್ ಮೈಸೂರಿನಲ್ಲಿ ‘ನಟನ’ ಕಟ್ಟಿದರು. ಬಿ.ವಿ. ಕಾರಂತರು 1989ರಲ್ಲಿ ಆರಂಭಿಸಿದ ರಂಗಾಯಣ ಮೈಸೂರಿನಲ್ಲೇ ಇದೆ. 2010ರಲ್ಲಿ ಅಲ್ಲಿ ಸಿ. ಬಸವಲಿಂಗಯ್ಯನವರು ಒಂಬತ್ತು ಗಂಟೆಯ ‘ಮಲೆಗಳಲ್ಲಿ ಮದುಮಗಳು’ ಮಾಡಿಸಿದಾಗ ರಾತ್ರಿಯಿಡೀ ನಾಟಕ ನೋಡುವುದು ನಗರದವರಿಗೆ ಹೊಸ ಅನುಭವ, ನಮ್ಮ ಕಡೆಯವರಿಗೆ ರೂಢಿ. ಇಂಥ ಕಡೆ ಒಂದೆರಡು ವರ್ಷ ಪಳಗಿದರೆ ದೇಹ, ಧ್ವನಿ, ಓದು ಮೂರೂ ಹದವಾಗುತ್ತವೆ. ಆದರೆ ಇಲ್ಲಿಯೂ ಕಾಯಂ ಸಂಬಳ ಇರುವವರು ಬೆರಳೆಣಿಕೆಯಷ್ಟು. ಉಳಿದವರದು ಅವಧಿ ಮುಗಿದ ಮೇಲೆ ಮತ್ತೆ ಹುಡುಕಾಟ.

ಆಮೇಲಿನದು ಬೆಂಗಳೂರು, ಧಾರಾವಾಹಿ, ಒಂದು ದಿನದ ಪಾತ್ರ. ಡಾಕ್ಟರು, ಪೊಲೀಸಿನವ, ಪಕ್ಕದ ಮನೆಯ ಆಂಟಿ, ಮದುವೆ ಮನೆಯ ಪುರೋಹಿತ. ಕೋಆರ್ಡಿನೇಟರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವುದು, ಕರೆ ಬಂದರೆ ಮುಂಜಾನೆಯ ಕಾಲ್‌ಶೀಟಿಗೆ ಸೆಟ್ಟಿನಲ್ಲಿರುವುದು, ಸಂಜೆಯವರೆಗೆ ಕಾದು ಎರಡು ಮಾತು ಹೇಳಿ ಬರುವುದು. ಬೆಳಕವಾಡಿಯಿಂದ ಮೊದಲ ಬಸ್ಸು ಹಿಡಿದರೂ ಆ ಹೊತ್ತಿಗೆ ಮುಟ್ಟಲಾಗದು, ಆದ್ದರಿಂದ ನಗರದಲ್ಲಿ ಒಂದು ರೂಮು ಬೇಕು, ಆ ರೂಮಿನ ಬಾಡಿಗೆಗೆ ಇನ್ನೊಂದು ಕೆಲಸ ಬೇಕು. ಕ್ಯಾಮೆರಾದ ಮುಂದೆ ಇನ್ನೊಂದು ತೊಡಕೂ ಇದೆ. ಬಯಲಿನಲ್ಲಿ ಕೊನೆಯ ಸಾಲಿನವರೆಗೆ ಮುಟ್ಟಿಸಲು ಕಲಿತ ಧ್ವನಿಯನ್ನು ಅಂಗಿಯ ಗುಂಡಿಗೆ ಸಿಕ್ಕಿಸಿದ ಮೈಕಿಗೆ ಇಳಿಸಬೇಕು, ಕೈಯೆತ್ತಿ ತೋರಿಸುತ್ತಿದ್ದ ಸಿಟ್ಟನ್ನು ಕಣ್ಣಿನ ರೆಪ್ಪೆಗೆ ತರಬೇಕು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯನ್ನು ರಾಮ್ ರೆಡ್ಡಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆ ಗೊತ್ತಿಲ್ಲದ ಊರಿನವರಿಂದಲೇ ಮಾಡಿಸಿದರು. ಅಪರೂಪದ ಚಿತ್ರ ಅದು. ಆದರೆ ಅದನ್ನು ನೋಡಿದ ಮೇಲೆ, ಮಂಡ್ಯದವರು ಕ್ಯಾಮೆರಾ ಮುಂದೆ ಸುಮ್ಮನೆ ನಿಂತರೂ ನಟನೆಯಾಗುತ್ತದೆ ಎಂಬ ಮಾತು ಹಬ್ಬಿತಲ್ಲ, ಅದು ಸರಿಯಲ್ಲ. ಕಲಿತು, ದಣಿದು, ಪಳಗಿದ ನಟರು ಇದೇ ಜಿಲ್ಲೆಯ ರಾತ್ರಿ ನಾಟಕಗಳಲ್ಲಿ ತುಂಬಿದ್ದಾರೆ. ಸಿನಿಮಾದವರು ಅವರ ಕಡೆ ತಿರುಗಿ ನೋಡಿದ್ದು ಕಡಿಮೆ.

ಹೀಗೆ ಬೆಂಗಳೂರಿಗೆ ಹೊರಟವರ ಮನೆಯವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಇದೆ. ಪಾರ್ಟಿಗೆ ದುಡ್ಡು ಕಟ್ಟುವುದು ನಮ್ಮ ಊರಿನ ರಂಗದಲ್ಲಿ ಮರ್ಯಾದೆಯ ಪದ್ಧತಿ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ಹುಡುಗನಿಗೆ, ಬೆಂಗಳೂರಿನಲ್ಲಿ ಯಾವನೋ ಒಬ್ಬ ‘ಹೀರೊ ತಮ್ಮನ ಪಾತ್ರ ಇದೆ, ಒಂದೂವರೆ ಲಕ್ಷ ಕಟ್ಟು’ ಎಂದರೆ ಅನುಮಾನವೇ ಬರುವುದಿಲ್ಲ. ಅಪ್ಪನೂ ದುರ್ಯೋಧನನಿಗೆ ಕಟ್ಟಿದ್ದನಲ್ಲ! ಹಸು ಮಾರಿ, ಒಡವೆ ಅಡವಿಟ್ಟು ಕಳಿಸಿದ ಮನೆಗಳು ಇವೆ. ಎರಡೂ ಒಂದೇ ಅಲ್ಲ ಎಂದು ಬಿಡಿಸಿ ಹೇಳಬೇಕಾದವರು ಹಿರಿಯರು. ಊರಿನ ನಾಟಕದಲ್ಲಿ ಕಟ್ಟಿದ ದುಡ್ಡು ಎಲ್ಲರ ಕಣ್ಣೆದುರು ಸೀನರಿಯಾಗಿ, ದೀಪವಾಗಿ, ಊಟವಾಗಿ ಖರ್ಚಾಗುತ್ತದೆ, ಅದು ಸಂತೋಷಕ್ಕೆ ಮಾಡುವ ವೆಚ್ಚ. ಸಿನಿಮಾ, ಧಾರಾವಾಹಿಯಲ್ಲಿ ನಟನೆ ಕೆಲಸ, ಕೆಲಸಕ್ಕೆ ಕರೆದವರು ಹಣ ಕೊಡಬೇಕು. ಪಾತ್ರ ಕೊಡಿಸಲು ಮುಂಗಡ ಕೇಳಿದವನ ಹತ್ತಿರ ಒಂದು ರೂಪಾಯಿಯನ್ನೂ ಬಿಡಬಾರದು. ಮಾಡಿದ ಕೆಲಸಕ್ಕೆ ಬಂದ ಹಣದಲ್ಲಿ ಕೋಆರ್ಡಿನೇಟರ್ ಕಮಿಷನ್ ಹಿಡಿಯುವುದು ಬೇರೆ, ಕೆಲಸಕ್ಕೆ ಮೊದಲೇ ಕೈಚಾಚುವುದು ಬೇರೆ.

ಈಗ ಕಾಗದದ ವಿಷಯ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. 58 ವರ್ಷ ತುಂಬಿರಬೇಕು, ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಇರಬೇಕು. ಕರಪತ್ರ, ಆಹ್ವಾನ ಪತ್ರಿಕೆ, ಪ್ರಮಾಣಪತ್ರ, ಪತ್ರಿಕೆಯ ತುಣುಕು, ಫೋಟೊ ಇವೇ ದಾಖಲೆಗಳು. ನಮ್ಮ ಊರಿನ ನಾಟಕದ ಕರಪತ್ರವನ್ನೋ ಫ್ಲೆಕ್ಸನ್ನೋ ಒಮ್ಮೆ ನೋಡಿ. ಪಾರ್ಟಿಗೆ ದುಡ್ಡು ಕಟ್ಟಿದವರ ಫೋಟೊ, ಹೆಸರು, ತಂದೆಯ ಹೆಸರು, ಮನೆತನ ಎಲ್ಲ ದೊಡ್ಡದಾಗಿ. ದ್ರೌಪದಿಯ ಮುಂದೆ ಒಂದು ಹೆಸರು, ಒಂದು ಊರು, ಅದೂ ಸಣ್ಣ ಅಕ್ಷರದಲ್ಲಿ. ಕೆಲವು ಸಲ ಅಷ್ಟೂ ಇರುವುದಿಲ್ಲ, ‘ಸ್ತ್ರೀ ಪಾತ್ರಗಳಲ್ಲಿ ನುರಿತ ಕಲಾವಿದೆಯರು’ ಎಂದು ಮುಗಿಸಿರುತ್ತಾರೆ. ಆ ಕರಪತ್ರ ಮುದ್ರಣವಾಗುವ ಹೊತ್ತಿಗೆ ಯಾರು ಬರುತ್ತಾರೆಂದು ಗೊತ್ತಾಗಿರುವುದಿಲ್ಲ ಎಂಬುದೂ ನಿಜ. ಹೀಗೆ ಹೆಸರಿಲ್ಲದೆ ಮೂವತ್ತು ವರ್ಷ ಆಡಿದವಳು ಅರವತ್ತರ ಹತ್ತಿರ ಅರ್ಜಿ ಹಿಡಿದು ನಿಂತಾಗ ತೋರಿಸಲು ಏನಿರುತ್ತದೆ? ಅಡ್ವಾನ್ಸ್ ಕೈಗೆ ಬಂದದ್ದು ನಗದಾಗಿ, ಬಾಕಿ ಸಂದದ್ದು ಬೆಳಗಿನ ಜಾವ ಸೀನರಿಯ ಹಿಂದೆ.

2024ರ ಜುಲೈನಲ್ಲಿ ರಾಜ್ಯದ ಶಾಸನಸಭೆ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಒಂದು ಮಸೂದೆಯನ್ನು ಒಪ್ಪಿತು. ಸಿನಿಮಾ ಟಿಕೆಟ್ ಮತ್ತು ಸಬ್‌ಸ್ಕ್ರಿಪ್ಷನ್ ಹಣದ ಮೇಲೆ ಶೇಕಡಾ 1ರಿಂದ 2ರವರೆಗೆ ಸೆಸ್ ಹಾಕಿ, ಆ ನಿಧಿಯನ್ನು ಒಂದು ಮಂಡಳಿಯ ಮೂಲಕ ನೋಂದಾಯಿತ ಕಾರ್ಯಕರ್ತರ ನೆರವಿಗೆ ಬಳಸುವುದು ಅದರ ಉದ್ದೇಶ. ನಟರು, ಸಂಗೀತಗಾರರು, ನೃತ್ಯಪಟುಗಳು ಅದರ ವ್ಯಾಪ್ತಿಯಲ್ಲಿದ್ದಾರೆ. ಒಳ್ಳೆಯ ಕೆಲಸ, ಬಹಳ ವರ್ಷ ಮೊದಲೇ ಆಗಬೇಕಿತ್ತು. ಬೆಂಗಳೂರಿನ ಸೆಟ್ಟಿನಲ್ಲಿ ದುಡಿಯುವವನಿಗೆ ನಿರ್ಮಾಣ ಸಂಸ್ಥೆ ಇದೆ, ಸಂಘ ಇದೆ, ಬ್ಯಾಂಕಿಗೆ ಬಿದ್ದ ಹಣದ ಗುರುತು ಇದೆ. ಟಿಕೆಟ್ಟೇ ಇಲ್ಲದ ನಾಟಕದಲ್ಲಿ, ಮಾಲೀಕನೇ ಇಲ್ಲದ ರಂಗದಲ್ಲಿ ದುಡಿಯುವ ದ್ರೌಪದಿಗೆ, ಅವಳ ಜೊತೆ ರಾತ್ರಿಯಿಡೀ ಊದುವ ಕ್ಲಾರಿಯೋನೆಟ್‌ನವರಿಗೆ ಇವು ಯಾವುವೂ ಇಲ್ಲ. ನೋಂದಣಿಯ ನಿಯಮಗಳು ಸೆಟ್ಟಿನವರನ್ನು ಮಾತ್ರ ಕಣ್ಣ ಮುಂದೆ ಇಟ್ಟುಕೊಂಡರೆ, ಸೀಸನ್ ಪೂರ್ತಿ ರಾತ್ರಿ ರಾತ್ರಿ ಬಣ್ಣ ಹಚ್ಚುವವರೇ ಹೊರಗುಳಿಯುತ್ತಾರೆ. ಪೌರಾಣಿಕ ನಾಟಕದ ಕಲಾವಿದರಿಗೆ ಡ್ರಾಮಾ ಮೇಷ್ಟ್ರು, ಸೀನರಿಯವರು, ಗ್ರಾಮ ಪಂಚಾಯಿತಿ ಈ ಮೂವರಲ್ಲಿ ಇಬ್ಬರು ಕೊಟ್ಟ ದೃಢೀಕರಣ ಸಾಕು ಎಂದು ನಿಯಮದಲ್ಲಿ ಬರಬೇಕು. ಜಿಲ್ಲೆಯ ಜನಪ್ರತಿನಿಧಿಗಳು ಇದನ್ನು ಗಟ್ಟಿಯಾಗಿ ಕೇಳಬೇಕು. ಅವರಲ್ಲಿ ಎಷ್ಟೋ ಜನ ಊರಿನ ನಾಟಕಗಳನ್ನು ದೀಪ ಹಚ್ಚಿ ಉದ್ಘಾಟಿಸಿದವರು.

ಅದಕ್ಕೆ ಕಾಯದೆ ಊರಿನವರೇ ಮಾಡಬಹುದಾದದ್ದೂ ಇದೆ. ಬೆಳಕವಾಡಿಯ ಸುತ್ತ ಈ ಸಂಕ್ರಾಂತಿಯ ನಂತರ ಆಗುವ ನಾಟಕಗಳಿಂದಲೇ ಶುರುಮಾಡಬಹುದು. ಕರಪತ್ರ ಅಚ್ಚಾಗುವ ಮೊದಲೇ ಲೇಡೀಸ್ ಪಾರ್ಟಿನವರನ್ನು ಗೊತ್ತುಮಾಡಿ, ಪಾತ್ರದ ಎದುರು ಅವರ ಪೂರ್ತಿ ಹೆಸರನ್ನು, ಒಪ್ಪಿದರೆ ಫೋಟೊವನ್ನು, ಉಳಿದವರದರಷ್ಟೇ ದೊಡ್ಡದಾಗಿ ಹಾಕಿಸಿ. ಬಾಕಿ ಹಣವನ್ನು ಫೋನ್‌ಪೇಯಲ್ಲಿ ಕಳಿಸಿ, ಅದೇ ಒಂದು ಲೆಕ್ಕವಾಗಿ ಉಳಿಯುತ್ತದೆ. ಬೆಳಿಗ್ಗೆ ಅವರು ಬಸ್ಸು ಹತ್ತುವ ಮೊದಲು ನಾಟಕ ಮಂಡಳಿಯ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಡಿ: ಊರು, ತಾರೀಕು, ನಾಟಕ, ಮಾಡಿದ ಪಾತ್ರ, ಕೆಳಗೆ ಮೇಷ್ಟ್ರ ಸಹಿ. ಲೆಟರ್‌ಹೆಡ್ ಇಲ್ಲದ ಮಂಡಳಿಗೆ ಪಂಚಾಯಿತಿಯ ಮೊಹರು ಸಾಕು. ಅದನ್ನು ಪಡೆದವರು ಸೂಟ್‌ಕೇಸಿನ ಸೀರೆಗಳ ಕೆಳಗೆ ಒಂದು ಪ್ಲಾಸ್ಟಿಕ್ ಫೈಲ್ ಇಟ್ಟು, ಒಂದೊಂದನ್ನೂ ಅದರಲ್ಲಿ ಸೇರಿಸುತ್ತ ಹೋಗಲಿ. ಜೊತೆಗೆ ಮೊಬೈಲಿನಲ್ಲಿ ಅದರದೊಂದು ಫೋಟೊ ಇರಲಿ. ಕಾಗದ ನೆಂದರೂ ಫೋಟೊ ಉಳಿಯುತ್ತದೆ.